ಯೆರಿಕೋವಿನೊಳಗೆ ಉಳಿದವಳು

ಎಪ್ಪತ್ತರ ದಶಕದ ಆ ಚಳಿಗಾಲಗಳಲ್ಲಿ ಅಮೆರಿಕದ ಜೆರ್ಸಿ ಸಿಟಿಯ ಮಕ್ಕಳಾದ ನಮಗೆ ಚರ್ಚಿನ ನೆಲಮಾಳಿಗೆಯೇ ಆಟದ ಬಯಲು. ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಒಣಗುವ ಉಣ್ಣೆಯ ಕೈಗವಸುಗಳ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಂದು ವರ್ಷ ಸಂಡೇ ಸ್ಕೂಲಿನಲ್ಲಿ ಬೈಬಲಿನ ಯೆರಿಕೋ ಪಟ್ಟಣದ ಗೋಡೆ, ಇಸ್ರಾಯೇಲರು ಸುತ್ತು ಹಾಕಿ ಕೂಗಿದ ಕೂಗಿಗೇ ಬೀಳುವ ನಾಟಕವಾಡಿದೆವು. ಪಕ್ಕದ ಊರು ಸೀಕಾಕಸ್‌ನ ಗೋದಾಮಿನಲ್ಲಿ ಕೆಲಸಕ್ಕಿದ್ದ ಅಪ್ಪ ತಂದ ಖಾಲಿ ರಟ್ಟಿನ ಪೆಟ್ಟಿಗೆಗಳೇ ನಮ್ಮ ಕೋಟೆ.

ತಂಗಿ ಸುಗುಣ ಧಾರವಾಡದಲ್ಲಿ ಅಜ್ಜಿಯ ಹತ್ತಿರ ಉಳಿದಿದ್ದವಳು, ಆಗಷ್ಟೇ ನಮ್ಮನ್ನು ಸೇರಿದ್ದಳು. ಇಂಗ್ಲಿಷ್ ಅಷ್ಟಾಗಿ ಬಾರದು. ಅದಕ್ಕೇ ಮಾತಿಲ್ಲದ ರಾಹಾಬಳ ಪಾತ್ರ ಕೊಟ್ಟರು. ಯೆರಿಕೋವಿನವಳೇ ಆಗಿದ್ದೂ ಇಸ್ರಾಯೇಲರ ಗೂಢಚಾರರನ್ನು ತನ್ನ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದವಳು ರಾಹಾಬ. ಗೋಡೆ ಬಿದ್ದ ಮೇಲೆ ಗೂಢಚಾರ ಅವಳ ಕೈಹಿಡಿದು ಹೊರಗೆ ತರಬೇಕು. ಆ ಗೂಢಚಾರ ನಾನು.

"ಅಣ್ಣಾ, ಮರೀಬ್ಯಾಡ ಮತ್ತ."

"ಹೋಗ ಹುಚ್ಚಿ, ಯಾಕ ಮರೀಲಿ?"

ಪಕ್ಕದಲ್ಲೇ ನಿಂತಿದ್ದ ಅವಳ ಎಣ್ಣೆ ಹಚ್ಚಿ ಬಿಗಿದ ಜಡೆ ಕಂಡು ನನ್ನ ಗೆಳೆಯ ಟೋನಿ ಮೂಗು ಮುಚ್ಚಿಕೊಂಡ. "ಹೇ ಡೇವ್, ಈಸ್ ದಟ್ ಯುವರ್ ಸಿಸ್ಟರ್?"

ದೇವಪ್ರಸಾದನಾದ ನಾನು ಅವನಿಗೆ ಡೇವ್. "ನೋ," ಎಂದೆ.

ಸುತ್ತು ಹಾಕಿದೆವು, ತುತ್ತೂರಿ ಊದಿದೆವು, ಗಂಟಲು ಹರಿಯುವಂತೆ ಕೂಗಿದೆವು. ಪೆಟ್ಟಿಗೆಗಳು ದಡದಡ ಉರುಳಿದವು. ಚಪ್ಪಾಳೆ. ಅವಳ ಕೈಹಿಡಿದರೆ ಟೋನಿ ನಗುತ್ತಾನೆಂದು ನಾನು ಒಳಗೆ ಹೋಗಲೇ ಇಲ್ಲ. ಅವನ ಜೊತೆ ಡೋನಟ್ ತಿನ್ನಲು ಓಡಿದೆ.

ಎಷ್ಟೋ ಹೊತ್ತಿನ ಮೇಲೆ ಅವ್ವ ಹುಡುಕಿದಳು. ಪೆಟ್ಟಿಗೆಗಳ ರಾಶಿಯ ಹಿಂದೆ ಸುಗುಣ ಮೊಳಕಾಲು ತಬ್ಬಿ ಕುಳಿತಿದ್ದಳು.

"ಎಲ್ಲಾರೂ ಹೊಂಟ್ರು ನನ್ನವ್ವಾ, ಹೊರಗ ಬರಬಾರ್ದೇನ?" ಎಂದಳು ಅವ್ವ.

"ಮನಿ ಬಿಟ್ಟು ಹೊರಗ ಬಂದ್ರ ರಾಹಾಬಳ ಕಡೇವ್ರು ಸಾಯ್ತಾರಂತ. ಅಜ್ಜಿ ಹೇಳ್ಯಾಳ." ಆಮೇಲೆ ಅವ್ವನ ಬೆನ್ನ ಹಿಂದಿದ್ದ ನನ್ನನ್ನು ನೋಡಿದಳು. ನನ್ನ ತುಟಿಯ ಮೇಲೆ ಇನ್ನೂ ಸಕ್ಕರೆಯಿತ್ತು. "ನಾ ನಿನ್ನ ತಂಗಿ ಅಲ್ಲ ಅಂದಿ. ತಿಳೀತು ನನಗ. ಆದ್ರೂ ಬರ್ತಿ ಅಂದ್ಕೊಂಡಿದ್ದೆ."

ಅವ್ವ ಹೊಡೆಯಲಿಲ್ಲ, ಬೈಯಲಿಲ್ಲ. ಅವಳನ್ನು ಎತ್ತಿಕೊಂಡು ನನ್ನ ಮುಂದೆಯೇ ಮೆಟ್ಟಿಲು ಹತ್ತಿದಳು.

ಅಂದಿನಿಂದ ನಾನು ಸುಗುಣಳಿಗೂ ಡೇವ್ ಆದೆ. ಜಗಳವಿಲ್ಲ, ಮುನಿಸಿಲ್ಲ; ಕ್ರಿಸ್‌ಮಸ್‌ಗೆ ತಪ್ಪದೆ ಫೋನ್ ಮಾಡುತ್ತಿದ್ದಳು. ಹೋದ ಚಳಿಗಾಲ ಎಡಿಸನ್ ಊರಿನ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕುಳಿತು, ಇಷ್ಟು ವರ್ಷ ಹೇಳದ್ದನ್ನು ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವಳು ಕಿಟಕಿಯ ಕಡೆ ನೋಡಿ, "ಸ್ನೋ ಬರ್ತದಂತ ಡೇವ್, ಡ್ರೈವ್ ಮಾಡೂದು ಕಷ್ಟ ಆಗ್ತದ. ನೀ ಹೋಗು," ಎಂದಳು. ಅಷ್ಟಕ್ಕೇ ಎದ್ದು ಬಂದೆ. ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.

ಅಣ್ಣಾ ಎನ್ನಬೇಕಾದವಳು ಲೋಕದಲ್ಲಿ ನನಗೆ ಅವಳೊಬ್ಬಳೇ ಇದ್ದಳು.