ತಿದ್ದದೆ ಕೊಟ್ಟ ನರಿಯ ಫೋಟೋ

ಮೊನ್ನೆ ಬಸ್ರೂರು ಮೂರುಕೈ ಸರ್ಕಲಿನಲ್ಲಿ ಗೋಬಿ ಮಂಚೂರಿ ಗಾಡಿಯವನ ಕೈಯಿಂದ ವಿನೆಗರ್ ಬಾಟಲಿ ಜಾರಿ ಒಡೆಯಿತು. ಉಳಿದವರು ಮೂಗು ಮುಚ್ಚಿಕೊಂಡು ದೂರ ಸರಿದರೆ ನಾನು ಮಾತ್ರ ಹತ್ತಿರ ಹೋಗಿ ನಿಂತೆ. ಆ ಹುಳಿ ವಾಸನೆ ನನ್ನ ಪಾಲಿಗೆ ಫೋಟೋ ತೊಳೆಯುವ ಕತ್ತಲೆ ಕೋಣೆಯದ್ದು. ಕುಂದಾಪುರದಲ್ಲಿ ಸ್ಟುಡಿಯೋ ಇಟ್ಟಿದ್ದ, ಊರೆಲ್ಲ ಅಣ್ಣಯ್ಯ ಎಂದೇ ಕರೆಯುತ್ತಿದ್ದವರ ಅಂಗಿ ಸದಾ ಹೀಗೇ ನಾರುತ್ತಿತ್ತು...

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಹೊಸ ಮೇಷ್ಟ್ರು. ನನ್ನ ಗುರುಗಳು ಒಂದು ವಿಚಿತ್ರ ಕ್ಯಾಮೆರಾ ಎರವಲು ಕೊಟ್ಟಿದ್ದರು. ಮರಕ್ಕೆ ಕಟ್ಟಿ ಬಂದರೆ ಸಾಕು, ಎದುರಿಗೆ ಪ್ರಾಣಿ ಹಾದಾಗ ತಾನೇ ಫ್ಲ್ಯಾಶ್ ಹೊಡೆದು ಫೋಟೋ ತೆಗೆಯುತ್ತಿತ್ತು. ಕಿರಿಮಂಜೇಶ್ವರದ ಮೇಲಿನ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಬಯಲಿನಲ್ಲಿ ಏನೇನು ಓಡಾಡುತ್ತದೆ ಎಂದು ತಿಳಿಯುವ ಹುಚ್ಚು ನನಗೆ. ಮೊದಲ ರೋಲನ್ನು ಅಣ್ಣಯ್ಯನಿಗೆ ತೊಳೆಯಲು ಕೊಡುವಾಗ ಜಾಗದ ಹೆಸರು ಹೇಳಿದೆ. ಅವರ ಕೈ ಅಲ್ಲೇ ನಿಂತಿತು.

“ಅಲ್ಲಿ ತೋಳ ಇದ್ದಿತ್ ಮಾಷ್ಟ್ರೇ. ಸಣ್ಣಕಿಪ್ಪತಿಗೆ ನಾನೇ ಕಂಡದ್ದ್.”

ತೋಳ ಘಟ್ಟದ ಮೇಲಿನ ಒಣ ಬಯಲಿನ ಪ್ರಾಣಿ, ಕರಾವಳಿಯಲ್ಲಿ ಇರುವುದು ನರಿ ಎಂದು ನಾನು ಓದಿದ್ದೆ. ಊರಿನವರಿಗೂ ಅಷ್ಟು ಗೊತ್ತಿತ್ತು. ಹುಡುಗನಾಗಿದ್ದಾಗ ಅಣ್ಣಯ್ಯ ತೋಳ ಕಂಡೆ ಎಂದು ಹೇಳಿದ ದಿನ, ಸುಳ್ಳು ಹೇಳುತ್ತೀಯಾ ಎಂದು ಅವರ ಅಪ್ಪಯ್ಯ ಬೆತ್ತ ಮುರಿಯುವಷ್ಟು ಹೊಡೆದಿದ್ದರಂತೆ. ಶಾಲೆಯಲ್ಲಿ ಅವರಿಗೆ ತೋಳ ಎಂಬ ಹೆಸರೇ ಬಿತ್ತು. ತಲೆ ನರೆತ ಮೇಲೂ ಚಾ ಕುಡಿಯಲು ಹೋದರೆ ಹೋಟೆಲಿನ ಮೂಲೆಯಿಂದ ಯಾರಾದರೊಬ್ಬರು “ಹ್ವಾಯ್, ತೋಳ ಬಂತಾ?” ಎಂದು ಕೂಗುತ್ತಿದ್ದರು. ಅವರೂ ನಗುತ್ತಿದ್ದರು. ಆದರೆ ನಗುವಾಗ ಕಿವಿ ಕೆಂಪಾಗುತ್ತಿದ್ದುದನ್ನು ನಾನು ನೋಡಿದ್ದೇನೆ. ನನ್ನ ಕ್ಯಾಮೆರಾದಲ್ಲಿ ಒಂದೇ ಒಂದು ತೋಳ ಬಿದ್ದರೆ ಊರಿನ ಬಾಯಿ ಮುಚ್ಚುತ್ತಿತ್ತು. ಹಾಗಾಗಿ ನನ್ನ ರೋಲು ಬಂತೆಂದರೆ ಮದುವೆ ಆಲ್ಬಮ್ಮುಗಳೆಲ್ಲ ಬದಿಗೆ.

ಮೊದಲ ರೋಲಿನಲ್ಲಿ ಬಿದ್ದದ್ದು ದನ, ನಾಯಿ, ತಂಬಿಗೆ ಹಿಡಿದು ಹೊರಟ ಒಬ್ಬ ಮಹಾಶಯ, ಮತ್ತೆ ನರಿಗಳು. ಅಣ್ಣಯ್ಯನ ಸ್ಟುಡಿಯೋದಿಂದ ತಿದ್ದದೆ ಯಾವ ಫೋಟೋವೂ ಹೊರಗೆ ಹೋದದ್ದಿಲ್ಲ. ಸಪೂರ ಬ್ರಷ್ಷಿನಲ್ಲಿ ಮೊಡವೆ ಅಳಿಸುತ್ತಿದ್ದರು, ಮೀಸೆ ದಪ್ಪ ಮಾಡುತ್ತಿದ್ದರು. ಫ್ಲ್ಯಾಶಿಗೆ ಬೆಳ್ಳಗೆ ಹೊಳೆದಿದ್ದ ನನ್ನ ನರಿಗಳ ಕಣ್ಣಿಗೂ ಚೆಂದದ ಕಪ್ಪು ಗುಡ್ಡೆ ಬರೆದು ಕೊಟ್ಟಿದ್ದರು! ಕಾಡಿಗೆ ಹಚ್ಚಿಕೊಂಡು ದಿಬ್ಬಣಕ್ಕೆ ಹೊರಟ ಹಾಗಿದ್ದವು. ನಾನು ಬಿದ್ದು ಬಿದ್ದು ನಕ್ಕೆ.

“ಮದಿಮಗ್ಳ ಕಣ್ಣ್ ಹೀಂಗ್ ಹೊಳುದ್ರೆ ಯಾರಾರೂ ಫೋಟೋ ತಕಂತ್ರಾ?” ಎಂದು ಅವರು ಸಿಟ್ಟಾದರು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಹೇಳಿ ಕಳಿಸಿದರು. ಹೋಗಿ ನೋಡಿದರೆ ತೊಟ್ಟಿಯ ನೀರಿನಲ್ಲಿ ಒಂದು ಫೋಟೋ. ಉದ್ದ ಹುಲ್ಲಿನ ನಡುವೆ ಅಡ್ಡಕ್ಕೆ ನಿಂತ ಪ್ರಾಣಿ. ಮೋರೆ ಅರ್ಧ ಮರೆ, ಕಾಲು ಪೂರ್ತಿ ಮರೆ. ಸುಳ್ಳೇಕೆ, ಅದು ತೋಳವಾಗಲಿ ಎಂದು ನನಗೂ ಆಸೆ ಹುಟ್ಟಿತು. ಅಣ್ಣಯ್ಯ ಬ್ರಷ್ಷು ಕೈಗೆತ್ತಿಕೊಂಡರು. ನಾಲ್ಕು ಗೀಟು ಎಳೆದಿದ್ದರೆ ಕಾಲು ಉದ್ದವಾಗುತ್ತಿತ್ತು, ಮೋರೆ ಅಗಲವಾಗುತ್ತಿತ್ತು. ಅವರ ಕೈಕೆಲಸವನ್ನು ಕಂಡುಹಿಡಿಯುವವರು ಊರಲ್ಲಿ ಯಾರಿದ್ದರು?

ಅವರು ಹಳೆಯ ನರಿ ಫೋಟೋವೊಂದನ್ನು ತಂದು ಪಕ್ಕದಲ್ಲಿಟ್ಟರು. ಎರಡರಲ್ಲೂ ಹಿಂದೆ ಅದೇ ಮುರಕಲ್ಲಿನ ಬಂಡೆ. ಎರಡು ಪ್ರಾಣಿಗಳ ಬೆನ್ನೂ ಕಲ್ಲಿನ ಒಂದೇ ಎತ್ತರಕ್ಕೆ ಬರುತ್ತಿತ್ತು; ತೋಳವಾಗಿದ್ದರೆ ಇನ್ನೂ ಎತ್ತರ ಬರಬೇಕಿತ್ತು. ತುಂಬ ಹೊತ್ತು ನೋಡಿ ಬ್ರಷ್ಷು ಕೆಳಗಿಟ್ಟರು.

“ಇದ್ ನರಿಯೇ. ತಿದ್ದಿರೆ ತೋಳ ಆತ್ತ್, ಒಂದ್ ಗಳಿಗಿ ಕೆಲ್ಸ. ಆರೆ ಮತ್ತ್ ನಾನ್ ಕಂಡದ್ದೂ ಸುಳ್ಳಾತ್ತಲೆ ಮಾಷ್ಟ್ರೇ...”

ಫೋಟೋವನ್ನು ಇದ್ದ ಹಾಗೇ ಒಣಗಿಸಿ ಕೊಟ್ಟರು. ವರ್ಷ ತಿರುಗುವುದರೊಳಗೆ ಕ್ಯಾಮೆರಾ ಗುರುಗಳಿಗೆ ವಾಪಸ್ಸು ಹೋಯಿತು. ಹೋಟೆಲಿನ ತಮಾಷೆ ಮಾತ್ರ ನಡೆದೇ ಇತ್ತು.

ಎಷ್ಟೋ ವರ್ಷಗಳ ಮೇಲೆ, ರೋಲಿನ ಕಾಲ ಮುಗಿದು ಮೆಮೊರಿ ಕಾರ್ಡು ಬಂದಿದ್ದಾಗ, ತೋಳಗಳ ಕೆಲಸಕ್ಕೆಂದೇ ಬಯಲುಸೀಮೆಗೆ ಹೋಗಿದ್ದೆ. ಅಲ್ಲಿ ಮೊದಲ ಸಲ ನನ್ನ ಕ್ಯಾಮೆರಾದಲ್ಲಿ ತೋಳ ಬಿತ್ತು. ನೋಡುತ್ತ ಕುಳಿತುಬಿಟ್ಟೆ. ನರಿಗಳ ನಡುವೆಯೇ ಬೆಳೆದ ಹುಡುಗ ಈ ಪ್ರಾಣಿಯನ್ನು ಕಂಡು ಗೊಂದಲ ಮಾಡಿಕೊಳ್ಳಲು ಸಾಧ್ಯವೇ ಇರಲಿಲ್ಲ. ಇದು ಪುರಾವೆಯಲ್ಲ, ನನಗೂ ಗೊತ್ತು. ಆದರೂ ಅವರು ಕಂಡದ್ದು ತೋಳವೇ ಎಂದು ನನಗೆ ಪೂರ್ತಿ ನಂಬಿಕೆ ಬಂತು. ಕೂಡಲೇ ಅವರ ಮನೆಗೆ ಫೋನು ಮಾಡಿದೆ.

ಎತ್ತಿದವಳು ಅವರ ಮಗಳು. ಅಪ್ಪಯ್ಯ ತೀರಿಹೋಗಿ ಇವತ್ತಿಗೆ ಹನ್ನೊಂದು ದಿನ, ಉತ್ತರಕ್ರಿಯೆಯ ಬೊಜ್ಜ, ಮನೆ ತುಂಬ ಊರ ಜನ ಎಂದಳು. ಎಂತ ಹೇಳಲಿಕ್ಕಿತ್ತು ಎಂದು ಅವಳೇ ಕೇಳಿದಳು. ನಿಮ್ಮ ಅಪ್ಪಯ್ಯ ಕಂಡದ್ದು ತೋಳವೇ, ನರಿಯಲ್ಲ ಎಂದೆ.

“ತಡೀರಿ, ಸ್ಪೀಕರ್ ಹಾಕ್ತೆ. ಈಗ ಹೇಳಿ, ಜೋರ್ ಹೇಳಿ.”

ಜೋರಾಗಿಯೇ ಹೇಳಿದೆ. ಅದಾಗಿ ಈಗ ವರ್ಷಗಳೇ ಆದವು. ಕೇಳಬೇಕಾಗಿದ್ದ ಒಬ್ಬರನ್ನು ಬಿಟ್ಟು ಆ ದಿನ ಎಲ್ಲರೂ ಕೇಳಿದರು.