ಅಕ್ಕನ ಧ್ವನಿ, ನನ್ನ ಗಂಟಲು

ಫೋನಿನಲ್ಲಿ ‘ಹಲೋ’ ಎಂದ ಕೂಡಲೇ ‘ನಾನು ಚಿಕ್ಕವಳು’ ಎಂದು ಸೇರಿಸುವ ಅಭ್ಯಾಸ ಐವತ್ತು ದಾಟಿದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ. ಹೊಸಬರಿಗೆ ಇದೇನು ಈ ಹೆಂಗಸಿನ ವಯ್ಯಾರ ಎನ್ನಿಸಿರಬೇಕು. ಕಾರಣ ಇಷ್ಟೇ: ನನಗೂ ನನ್ನ ಅಕ್ಕ ಸುಧಾಗೂ ಧ್ವನಿ ಒಂದೇ. ಮುಖ ಬೇರೆ, ಬುದ್ಧಿ ಬೇರೆ, ಸಾರಿಗೆ ಹಾಕುವ ಉಪ್ಪು ಬೇರೆ. ಧ್ವನಿ ಮಾತ್ರ ಒಂದೇ. ಹಲಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಒಳಗಿನಿಂದ ಓಗೊಟ್ಟವರು ಯಾರೆಂದು ಹೆತ್ತಮ್ಮನಿಗೇ ತಿಳಿಯುತ್ತಿರಲಿಲ್ಲ. ಹಾಗಾಗಿ ಬೈಗುಳವನ್ನು ಇಬ್ಬರಿಗೂ ಸಮನಾಗಿ ಹಂಚುತ್ತಿದ್ದಳು. ಅಕ್ಕನಿಗೆ ಮದುವೆ ಗೊತ್ತಾದ ಹೊಸತರಲ್ಲಿ ಭಾವ ಫೋನ್ ಮಾಡಿ, ಎತ್ತಿದವಳು ಅವಳೇ ಎಂದುಕೊಂಡು, ನೀಲಿ ಸೀರೆಯಲ್ಲಿ ಅವಳು ಹೇಗೆ ಕಂಡಳೆಂದು ಬಣ್ಣಿಸತೊಡಗಿದರು. ನಡುವೆ ಬಾಯಿ ಹಾಕಲು ನನಗೆ ಸಂಕೋಚ, ಕೇಳಿಸಿಕೊಳ್ಳಲು ಅದಕ್ಕಿಂತ ಸಂಕೋಚ. ಕೊನೆಗೆ "ಭಾವ, ನಾನು ಚಿಕ್ಕವಳು" ಎಂದೆ. ಅವರು ಫೋನಿಟ್ಟುಬಿಟ್ಟರು. ಮದುವೆಯ ದಿನವೂ ಪಾಪ ನನ್ನ ಮುಖ ನೋಡಲಿಲ್ಲ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಅಕ್ಕ ಹೃದಯಾಘಾತವಾಗಿ ತೀರಿಕೊಂಡಳು. ಅವರಿಗೆ ಮಕ್ಕಳಿಲ್ಲ. ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಭಾವ ಒಬ್ಬರೇ ಆದರು. ಕಾರ್ಯವೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಕಗ್ಗದಾಸಪುರದ ನಮ್ಮ ಮನೆಯಿಂದ ಫೋನ್ ಮಾಡಿ, "ಊಟ ಆಯ್ತಾ ಭಾವ?" ಎಂದೆ.

"ವಿಮಲಾ, ಬೇಜಾರು ಮಾಡ್ಕೋಬೇಡ. ಇನ್ಮೇಲೆ ಏನಿದ್ರೂ ಟೈಪ್ ಮಾಡಿ ಹಾಕು. ನಿನ್ ಧ್ವನಿ ಕೇಳೋಕೆ ನನ್ ಕೈಲಿ ಆಗ್ತಿಲ್ಲ" ಎಂದರು.

ಬೇಜಾರಾಯಿತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಏಕೆಂದರೆ ನನ್ನ ಮಾತಿನಲ್ಲಿ ಅಕ್ಕ ಎಲ್ಲರಿಗೂ ಕೇಳಿಸುತ್ತಿದ್ದಳು, ನನಗೆ ಮಾತ್ರ ಕೇಳಿಸುತ್ತಿರಲಿಲ್ಲ. ನಮ್ಮ ಮಾತು ನಮ್ಮ ಕಿವಿಗೆ ಎರಡು ದಾರಿಯಲ್ಲಿ ಬರುತ್ತದಂತೆ: ಹೊರಗಿನ ಗಾಳಿಯಿಂದ ಒಂದು, ತಲೆಯ ಮೂಳೆ ಅದುರಿ ಒಳಗಿನಿಂದ ಇನ್ನೊಂದು. ಆ ಒಳದಾರಿಯ ಸದ್ದು ಸೇರಿಕೊಂಡು ನಮ್ಮ ಧ್ವನಿ ನಮಗೆ ಇರುವುದಕ್ಕಿಂತ ದಪ್ಪವಾಗಿ, ಗಂಭೀರವಾಗಿ ಕೇಳುತ್ತದೆ. ಧ್ವನಿಯ ವಿಷಯದಲ್ಲಿ ಪ್ರತಿಯೊಬ್ಬರೂ ತಮ್ಮ ಬಗ್ಗೆ ಒಂದಿಷ್ಟು ಹೆಚ್ಚೇ ತಿಳಿದುಕೊಂಡಿರುತ್ತಾರೆ ಅನ್ನಿ. ನಾನಂತೂ ಅಕ್ಕನದು ಎಳೆಯ ದನಿ, ನನ್ನದು ಮೇಷ್ಟರ ದನಿ ಎಂದೇ ನಂಬಿದ್ದೆ.

ಒಂದು ಸಂಜೆ ಕನ್ನಡಕ ಸಿಗದೆ ನನ್ನ ಗಂಡನಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ಬೆರಳು ತಗುಲಿ ಅದು ತಾನೇ ಮಾತಾಡಿತು. ನನ್ನ ಅಡುಗೆಮನೆಯಲ್ಲಿ ಅಕ್ಕ ಕೊತ್ತಂಬರಿ ಸೊಪ್ಪು ತರಲು ಹೇಳುತ್ತಿದ್ದಳು. ಸ್ಟವ್ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಬೇಕಿದ್ದಕ್ಕೂ ಬೇಡದ್ದಕ್ಕೂ ವಾಯ್ಸ್ ಮೆಸೇಜೇ. ಇವಳಿಗೆ ಟೈಪ್ ಮಾಡಲು ಸೋಮಾರಿತನ ಎಂದು ನನ್ನ ಗಂಡ ತಿಳಿದರು. ನಾನೂ ತಿದ್ದಲು ಹೋಗಲಿಲ್ಲ.

ಚಳಿಗಾಲದಲ್ಲಿ ಗಂಟಲು ಕಟ್ಟಿತು, ಬಿಡಲೇ ಇಲ್ಲ. ಇಂದಿರಾನಗರದ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು ನಾನು. ಕೂಗದೆ ಭಿನ್ನರಾಶಿ ಯಾವ ಮಗುವಿನ ತಲೆಗೂ ಹೋಗುವುದಿಲ್ಲ. ಶಿವಾಜಿನಗರದ ಗಂಟಲಿನ ಡಾಕ್ಟರೊಬ್ಬರು ಬಾಯಿಯೊಳಗೆ ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ನನ್ನ ಧ್ವನಿಯನ್ನು ತೋರಿಸಿದರು. ಕೆಂಪು ಗುಹೆಯ ನಡುವೆ ಎರಡು ಬಿಳಿ ಮಡಿಕೆಗಳು. ಅಷ್ಟೇ.

"ಇಷ್ಟೇನಾ ಡಾಕ್ಟ್ರೇ?"

"ಇಷ್ಟೇ ಅಮ್ಮ. ಕೆಳಗಿಂದ ಉಸಿರು ತಳ್ಳತ್ತೆ, ಇವೆರಡು ಅದುರ್ತವೆ. ಹೆಂಗಸರಿಗೆ ಸೆಕೆಂಡಿಗೆ ಸುಮಾರು ಇನ್ನೂರು ಸಲ. ಉಳಿದಿದ್ದು ಬಾಯಿ, ಮೂಗು ಮಾಡೋ ಕೆಲಸ. ನೋಡಿ, ಇಲ್ಲೊಂದು ಗುಳ್ಳೆ ಇದೆ. ಅದರ ಭಾರಕ್ಕೆ ಮಡಿಕೆ ಸರಿಯಾಗಿ ಅದುರ್ತಿಲ್ಲ. ತೆಗೆಯೋದು ಒಳ್ಳೇದು."

ನಮ್ಮ ಹಳೆಯ ವ್ಯಾಕರಣಕಾರರು ಮಾತು ಹೊಕ್ಕುಳ ಬುಡದಿಂದ ಗಾಳಿಯಾಗಿ ಏಳುತ್ತದೆ ಎಂದಿದ್ದರಂತೆ. ನನಗೆ ಆ ಕ್ಷಣ ಕಂಡದ್ದು ಎರಡು ಮಡಿಕೆ ಮಾಂಸ ಮಾತ್ರ. ಅಕ್ಕನಲ್ಲೂ ಅದೇ ಉದ್ದದ, ಅದೇ ದಪ್ಪದ ಎರಡು ಮಡಿಕೆ ಇದ್ದವು. ಅವಳ ಜೊತೆ ಸುಟ್ಟುಹೋದವು. ಈಗ ಉಳಿದದ್ದನ್ನು ಕತ್ತರಿಸಲು ನಾನು ಸಹಿ ಹಾಕಿದೆ.

ಶಸ್ತ್ರಚಿಕಿತ್ಸೆ ಸುಗಮವಾಯಿತು. ಕೆಲವು ದಿನದ ಮೌನವನ್ನು ನನ್ನ ಗಂಡ ಸಂತೋಷದಿಂದಲೇ ಸಹಿಸಿದರು. ಆದರೆ ಮಾತು ಮರಳಿದಾಗ ಅದು ಹಳೆಯದಾಗಿರಲಿಲ್ಲ. ಗುಳ್ಳೆ ತೆಗೆದ ಜಾಗ ಗಡುಸಾಗಿದೆ, ಇನ್ನು ಹೀಗೇ ಎಂದರು ಡಾಕ್ಟರು. ತಗ್ಗಿದ, ಒಡಕಲು ದನಿ. ನನಗೂ ಹಾಗೆ, ಊರಿಗೂ ಹಾಗೆ. ಒಂದು ಸಮಾಧಾನ ಹುಡುಕಿಕೊಂಡೆ: ಇನ್ನು ಭಾವನಿಗೆ ಫೋನ್ ಮಾಡಬಹುದು. ಫೋನ್ ಮಾಡುತ್ತೇನೆಂದು ಮೊದಲೇ ಟೈಪ್ ಮಾಡಿ ತಿಳಿಸಿ, ಮಾಡಿದೆ.

"ಯಾರು ಮಾತಾಡ್ತಿರೋದು?" ಎಂದರು.

"ನಾನೇ ಭಾವ, ವಿಮಲಾ." ಆಪರೇಷನ್ನಿನ ಕಥೆ ಹೇಳಿ, "ಈಗ ನಿಮಗೆ ಕಷ್ಟ ಆಗಲ್ಲ" ಎಂದೆ.



"ನಿನ್ ಫೋನ್ ಬೇಡ ಅಂದಿದ್ದೆ, ನಿಜ. ಆದ್ರೆ ಎತ್ತಿದ್ರೆ ಅವಳ್ ಧ್ವನಿ ಇರತ್ತೆ ಅನ್ನೋದೊಂದಿತ್ತು ವಿಮಲಾ" ಎಂದರು. ಅವರು ಅಳುತ್ತಿದ್ದರು. ನಾನೂ ಅತ್ತೆ, ಹೊಸ ಗಂಟಲಿನಲ್ಲಿ ಅಳು ಕೂಡ ಬೇರೆ ಯಾರದೋ ಎಂಬಂತೆ ಕೇಳಿಸಿತು. ಆಮೇಲೆ ಅವರೇ ಮೆಲ್ಲಗೆ, "ಹಳೇದು ಏನಾದ್ರೂ ಇದ್ಯಾ?" ಎಂದು ಕೇಳಿದರು.

ಇದ್ದವು. ನನ್ನ ಗಂಡನಿಗೆ ಕಳಿಸಿದ ವಾಯ್ಸ್ ಮೆಸೇಜುಗಳೆಲ್ಲ ಇದ್ದವು. ಒಂದೂ ಕಳಿಸುವಂಥದ್ದಲ್ಲ: ಗೀಸರ್ ಸೋರುತ್ತಿದೆ, ನೀರಿನ ಟ್ಯಾಂಕರ್ ಬಂದಿಲ್ಲ. ಅಳೆದು ಸುರಿದು ಒಂದನ್ನು ಕಳಿಸಿದೆ: "ರೀ, ಮೊಸರು ಖಾಲಿಯಾಗಿದೆ, ಬರ್ತಾ ತಗೊಂಡ್ಬನ್ನಿ. ಡೇಟ್ ನೋಡಿ ತನ್ನಿ."

ಸಂಜೆ ಭಾವನಿಂದ ಟೈಪ್ ಮಾಡಿದ ಉತ್ತರ ಬಂತು. "ಮೊಸರು ತಂದೆ. ಡೇಟ್ ನೋಡಿದೆ."

ಆ ಮೆಸೇಜ್ ಮೊದಲು ಹೋದ ದಿನ ನನ್ನ ಗಂಡ ಬರಿಗೈಯಲ್ಲಿ ಮನೆಗೆ ಬಂದಿದ್ದರು. ಅವರನ್ನು ದೂರಲಾರೆ. ನಾಳೆಯೂ ಕೇಳುತ್ತದೆ ಎಂದುಕೊಂಡ ಧ್ವನಿಗೆ ಯಾರು ತಾನೇ ಅಷ್ಟು ಕಿವಿಗೊಡುತ್ತಾರೆ?