ಬ್ಯಾಂಜೋ ಕಾಕಾನ ಜಾಗ

ಬಲಗೈ ಹೆಬ್ಬೆರಳಿನ ಉಗುರನ್ನು ಅವರು ಎಂದೂ ಕತ್ತರಿಸುತ್ತಿರಲಿಲ್ಲ, ತಿಕ್ಕುತ್ತಿದ್ದರು. ಮನೆಕಟ್ಟೆಯ ಪರಸಿಕಲ್ಲಿನ ಅಂಚಿಗೆ ಎಡಕ್ಕೆ ನಾಲ್ಕು ಸಲ, ಬಲಕ್ಕೆ ನಾಲ್ಕು ಸಲ ಉಜ್ಜಿ, ಉಫ್ ಎಂದು ಊದಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಜೋಳದ ಬಣ್ಣಕ್ಕೆ ತಿರುಗಿದ್ದ ದಪ್ಪ ಉಗುರು ಅದು. ಉಳಿದ ಒಂಬತ್ತು ಬೆರಳುಗಳು ಮೂವತ್ತು ವರ್ಷ ಸ್ವಂತ ಮಷೀನಿನ ಮುಂದೆ ಕೂತು ಕಲ್ಲು ಪಾಲಿಶ್ ಮಾಡಿದವರ ಬೆರಳುಗಳು. ತುದಿ ಸವೆದು ಗೆರೆಗಳೆಲ್ಲ ಅಳಿಸಿಹೋಗಿದ್ದವು. ರೇಶನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟು ಗುರುತಿಸದೆ ಪ್ರತಿ ತಿಂಗಳೂ ಸತಾಯಿಸುತ್ತಿತ್ತು.

ಶಹಾಬಾದಿನ ನಮ್ಮ ಓಣಿಯಲ್ಲಿ ಅವರಿಗೆ ಬ್ಯಾಂಜೋ ಕಾಕಾ ಎಂದೇ ಹೆಸರು. ವಯಸ್ಸಿನಲ್ಲಿ ಯಾವಾಗಲೋ ಹೈದರಾಬಾದಿಗೆ ಕಲ್ಲಿನ ಲಾರಿಯ ಜೊತೆ ಹೋದವರು ಹಳೇ ಸಾಮಾನಿನ ಬಜಾರಿನಲ್ಲಿ ಒಂದು ವಿಚಿತ್ರ ವಾದ್ಯ ಕಂಡು ತಂದಿದ್ದರಂತೆ. ಬಡಿಯುವ ಸಣ್ಣ ಹಲಗೆಗೆ ಕೋಲು ಸಿಕ್ಕಿಸಿದ ಹಾಗೆ ಅದರ ಆಕಾರ. ಗುಂಡನೆಯ ಚರ್ಮದ ಮೈ, ಮೇಲೆ ನಾಲ್ಕು ತಂತಿ. ಚರ್ಮ ಹರಿದಾಗ ಹಲಗೆ ಕಟ್ಟುವವರ ಹತ್ತಿರ ಹೋಗಿ ಆಡಿನ ತೊಗಲು ಬಿಗಿಸಿಕೊಂಡು ಬರುತ್ತಿದ್ದರು. ಅದರ ಸರಿಯಾದ ಹೆಸರು ಬ್ಯಾಂಜೋಲೇಲಿ ಎಂದು ನನಗೆ ಫೋನು ನೋಡಿ ತಿಳಿಯಿತು. ಅವರಿಗೆ ಹೇಳಿದಾಗ, "ಹೆಸರ ಉದ್ದ ಆದ್ರ ಸುರ ಉದ್ದ ಆಗ್ತದೇನ್ರಿ ಅಕ್ಕೋರ?" ಎಂದು ನಕ್ಕಿದ್ದರು. ಪ್ರತಿ ಸೋಮವಾರ ಸಂಜೆ ಮಠದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಬಲಮಗ್ಗುಲಲ್ಲಿ ಕೂತು ಅವರು ಅದನ್ನು ನುಡಿಸುತ್ತಿದ್ದರು. ಇಪ್ಪತ್ತು ವರ್ಷ ಆ ಜಾಗದಲ್ಲಿ ಮತ್ತೊಬ್ಬರು ಕೂತಿದ್ದಿಲ್ಲ.

ಆ ಜಾಗ ಅವರ ಕೈತಪ್ಪಿತು. ನನ್ನ ಬಾಯಿಯಿಂದ ತಪ್ಪಿತೋ, ಅವರ ಹಟದಿಂದ ತಪ್ಪಿತೋ, ಹೇಗೂ ತಪ್ಪುವುದೇ ಇತ್ತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಬರೆದರಾದರೂ ತಿಳಿದೀತೇನೋ ಎಂದು ಬರೆಯುತ್ತಿದ್ದೇನೆ.

ನಾನು ಸೇಡಂನವಳು. ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಲವತ್ತು ತುಂಬಿದ ವರ್ಷ, ಫೋನಿನಲ್ಲಿ ಏನೋ ನೋಡುತ್ತ ಕೂತಿದ್ದಾಗ ಒಬ್ಬ ಹೆಂಗಸು ಪುಟ್ಟ ಯುಕುಲೇಲಿಯನ್ನು ಬ್ಯಾಂಜೋ ಧಾಟಿಯಲ್ಲಿ ಬೆರಳಿಂದ ಮೀಟುವುದು ಕಂಡಿತು. ಮಳೆಹನಿ ತಗಡಿಗೆ ಬಿದ್ದ ಹಾಗೆ ಒಂದಾದ ಮೇಲೊಂದು ನಾದ. ಮರುಳಾಗಿ ಒಂದು ತರಿಸಿಕೊಂಡೆ. ತಂತಿವಾದ್ಯವೆಂದರೆ ಮೇಲಿನ ತಂತಿ ದಪ್ಪ, ಕೆಳಗಿನದು ಸಣ್ಣ ಎಂದು ತಿಳಿದಿದ್ದವಳಿಗೆ ಮೊದಲ ದಿನವೇ ತಲೆ ಕೆಟ್ಟಿತು. ಇದರಲ್ಲಿ ಎಲ್ಲಕ್ಕೂ ಮೇಲಿರುವ ತಂತಿಯದೂ ಸಣ್ಣ ದನಿಯೇ. ಬ್ಯಾಂಜೋ ಧಾಟಿಯಲ್ಲಿ ಹೆಬ್ಬೆರಳು ಮತ್ತೆ ಮತ್ತೆ ಆ ತಂತಿಗೇ ಮರಳಿ ಬರಬೇಕು, ತೋರುಬೆರಳು ನಡುಬೆರಳು ಕೆಳಗೆ ಹಾಡು ಹೆಕ್ಕಬೇಕು. ನನ್ನ ಮೂರು ಬೆರಳುಗಳು ಬಸ್ಸಿನ ಬಾಗಿಲಲ್ಲಿ ನುಗ್ಗುವ ಜನರಂತೆ ಒಮ್ಮೆಗೇ ಹೋಗಿ ಸಿಕ್ಕಿಕೊಳ್ಳುತ್ತಿದ್ದವು. ಮೂರು ತಿಂಗಳು ಕಳೆದ ಮೇಲೆ ಪಕ್ಕದ ಮನೆಯವರು ಸಂಕಟ ತಡೆಯಲಾರದೆ, "ಫೋನಿಗಿ ಯಾಕ ಕೇಳ್ತೀರಿ ಅಕ್ಕೋರ, ಓಣ್ಯಾಗ ಕಾಕಾ ಅದಾರಲ್ರಿ" ಎಂದರು.

ಭಾನುವಾರ ಬೆಳಿಗ್ಗೆ ಹೋದೆ. ಕಾಕಾ ಮಗ್ಗುಲಿಗೆ ಕೂರಗೊಡಲಿಲ್ಲ. "ಎದುರಿಗಿ ಕುಂದ್ರಿ. ಮಾರಿ ಕಾಣಬೇಕು, ಕೈ ಕಾಣಬೇಕು" ಎಂದರು. ದನಿ ಭಾಳ ದೊಡ್ಡದು. ಕಲ್ಲಿನ ಮಷೀನಿನ ಹತ್ತಿರ ದುಡಿದವರೆಲ್ಲ ಹಾಗೇ ಕೂಗಿ ಮಾತಾಡುತ್ತಾರೆ, ನಮ್ಮ ಊರಿನಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಪಡಸಾಲೆಯ ಬಾಗಿಲಲ್ಲಿ ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಮೊರದಲ್ಲಿ ತೊಗರಿಬೇಳೆ ಕೇರುತ್ತ ಕೂತಿದ್ದರು.

"ಬೆರಳ ಅಂದ್ರ ಎತ್ತ ಇದ್ದಂಗ್ರಿ ಅಕ್ಕೋರ. ಹೆಬ್ಬೆರಳ ಬಲಗಡಿ ಎತ್ತು. ಅದು ನೆಟ್ಟಗ ನಡೀತಂದ್ರ ಉಳದವು ತಾವಾ ಬರ್ತಾವ."

ಹೆಬ್ಬೆರಳು, ತೋರು, ಹೆಬ್ಬೆರಳು, ನಡು. ನಾಲ್ಕು ತಿಂಗಳು ಇಷ್ಟೇ. ಹಾಡು ಯಾವಾಗ ಎಂದರೆ, "ನಡಿಲಿಕ್ಕ ಬರಲಾರದ್ದಕ್ಕ ಕುಣಿಯೋದ್ಯಾಕ ಕಲಸ್ತೀರಿ?" ನಾನು ತಪ್ಪಿದ ಕೂಡಲೇ "ತಪ್ಪಿತು" ಎನ್ನುತ್ತಿದ್ದರು, ಒಂದೇ ಒಂದು ಸಲವೂ ಬಿಡದೆ. ಆದರೆ ಹಾಗೆನ್ನುವಾಗ ಅವರು ನನ್ನನ್ನಲ್ಲ, ಬಾಗಿಲ ಕಡೆ ನೋಡಿರುತ್ತಿದ್ದರು. ಹಿಂದಿನಿಂದ ಕರೆದರೆ ಓಗೊಡುತ್ತಿರಲಿಲ್ಲ. ಕಲಾವಿದರ ಬಿಗುಮಾನ ಎಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳಲಿ! ಪ್ರತಿ ವರ್ಷ ಕಿವಿಯ ಚಿತ್ರ ಬರೆದು, ತಮಟೆ ಯಾವುದು, ಶಂಖ ಯಾವುದು ಎಂದು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವವಳು ನಾನು.

ಬೇಸಿಗೆಯಲ್ಲಿ ಕಾಕು ಚಿಂಚೋಳಿಗೆ ಹೊರಟರು. ಅಲ್ಲಿ ಮಗಳ ಬಾಣಂತನ, ಬೀಗತಿಗೆ ಮೈಯಲ್ಲಿ ಹುಷಾರಿರಲಿಲ್ಲ. ಚೀಲ ಕಟ್ಟಿಕೊಂಡು ನಿಂತು ಗಂಡನ ಮುಖದ ಮುಂದೆ ಮುಖ ತಂದು, "ನಾ ಬರೋತನಕ ಸೋಮವಾರ ಭಜನಿಗಿ ಹೋಗಬ್ಯಾಡ್ರಿ" ಎಂದರು. ಕಾಕಾ ಮುಖ ಪಕ್ಕಕ್ಕೆ ತಿರುಗಿಸಿದರು. ಗಂಡ ಒಬ್ಬನೇ ಹಾಡಿಗೆ ಹೋದರೆ ಇವರಿಗೇನು ಕಷ್ಟ ಎಂದು ನನಗೆ ಅರ್ಥವಾಗಲಿಲ್ಲ. ನನಗೂ ಒಂದು ಮಾತು ಹೇಳಿದರು: "ಕಾಕಾ ಏನರ ಅಂದ್ರ ಮನಸಿಗಿ ಹಚ್ಕೋಬ್ಯಾಡವ್ವ."

ಆಮೇಲೆ ಪಾಠವೆಲ್ಲ ಗೋಜಲಾಯಿತು. ಒಂದು ಭಾನುವಾರ ಬಿಸಿಲಿಗೆ ನನ್ನ ಮೇಲಿನ ತಂತಿ ಸಡಿಲಾಗಿ, ನುಡಿಸಿದರೆ ನನಗೇ ಹಲ್ಲು ಜುಮ್ಮೆನ್ನುವಷ್ಟು ಅಪಸ್ವರ. ಕಾಕಾ ತೊಡೆ ತಟ್ಟಿ, "ಭೇಷ್! ಈಗ ಬಂತು ನೋಡ್ರಿ ಲೈನಿಗಿ" ಎಂದರು. ಮುಂದಿನ ವಾರ ತಂತಿ ಬಿಗಿದು, ವಾರವಿಡೀ ತಿದ್ದಿಕೊಂಡು ಹೋಗಿ, ಕಣ್ಣಲ್ಲಿ ನೀರು ಬರುವಷ್ಟು ಇಂಪಾಗಿ ನುಡಿಸಿದೆ. "ಏನ್ ಮಾಡ್ಲಿಕತ್ತೀರಿ? ಹೆಬ್ಬೆರಳಿನ ಕೆಲಸ ತೋರುಬೆರಳ ಮಾಡ್ಲಿಕತ್ತದಲ್ಲ!" ಎಂದು ಗದರಿದರು. ನಿಜವೇ, ಒಂದು ಕಡೆ ಬೆರಳು ಬದಲಾಗಿತ್ತು. ಆದರೆ ನಾದ ಸರಿಯಿತ್ತಲ್ಲ? ಬ್ಯಾಂಜೋ ಧಾಟಿಯಲ್ಲಿ ಅಪಸ್ವರವೇ ಸ್ವರವೋ, ನನ್ನ ಕಿವಿಯೇ ಕೆಟ್ಟಿದೆಯೋ ತಿಳಿಯದೆ ಮನೆಗೆ ಬಂದು ಮತ್ತೆ ಫೋನು ತೆರೆದೆ. ಆ ಹೆಂಗಸು ಇಂಪಾಗಿಯೇ ನುಡಿಸುತ್ತಿದ್ದಳು.

ಭಜನೆಯ ಪೇಟಿ ಮಾಸ್ತರರು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರೇ. ಚಹಾದ ಹೊತ್ತಿಗೆ ಅವರ ಮುಂದೆ ಈ ಕಥೆ ಬಣ್ಣ ಕಟ್ಟಿ ಹೇಳಿದೆ. ಎಲ್ಲರೂ ನಗುತ್ತಿದ್ದರು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರಲ್ಲ, ಕೊನೆಗೆ ಅಂದುಬಿಟ್ಟೆ: "ಕಾಕುನ ಜೋಡಿ ಕಾಕಾನ ಕಿವಿನೂ ಚಿಂಚೋಳಿಗಿ ಹೋಗ್ಯಾವ ಕಾಣಸ್ತದ ಸರ್!"

ಮಾಸ್ತರರು ನಗಲಿಲ್ಲ. ಚಹಾದ ಬಸಿ ಕೆಳಗಿಟ್ಟು, "ಹೋದ ಎರಡು ಸೋಮವಾರ ನನಗೂ ಹಂಗ ಅನಿಸಿತ್ತು ಮೇಡಂ" ಎಂದರು.

ಮುಂದಿನ ಸೋಮವಾರ ನಾನೂ ಮಠದಲ್ಲಿದ್ದೆ. ಕಾಕಾ ಇಸ್ತ್ರಿ ಅಂಗಿ ತೊಟ್ಟು ತಮ್ಮ ಜಾಗದಲ್ಲಿ ಕೂತಿದ್ದರು. ಎರಡನೇ ಪದದ ನಡುವೆ ಪೇಟಿ ಮಾಸ್ತರರು, ಪರೀಕ್ಷಿಸಲೆಂದೇ ಇರಬೇಕು, ಏನೂ ಹೇಳದೆ ಪಟ್ಟಿ ಬದಲಿಸಿ ಶ್ರುತಿಯನ್ನು ಒಂದು ಮನೆ ಮೇಲೇರಿಸಿದರು. ಹಾಡುವವರು ಒಂದು ಕ್ಷಣ ತಡವರಿಸಿ ಅಲ್ಲಿಗೆ ಏರಿದರು. ಕಾಕಾನ ಹೆಬ್ಬೆರಳು ಹಳೆಯ ಶ್ರುತಿಯಲ್ಲೇ, ತಾಳ ಕೂದಲೆಳೆಯಷ್ಟೂ ತಪ್ಪದೆ, ನಡೆಯುತ್ತಲೇ ಇತ್ತು. ಎರಡೂ ಸೇರಿ ಕೇಳುವಂತಿರಲಿಲ್ಲ. ಕೂತವರು ಒಬ್ಬೊಬ್ಬರೇ ಅವರತ್ತ ತಿರುಗಿದರು. ಎಲ್ಲ ಮುಖಗಳೂ ತನ್ನ ಕಡೆಗಿರುವುದನ್ನು ಕಂಡ ಕಾಕಾ, ಜನಕ್ಕೆ ಇಂದು ತನ್ನ ಕೈ ಹಿಡಿಸಿತೆಂದುಕೊಂಡು, ನಕ್ಕು, ಇನ್ನೂ ಜೋರಾಗಿ ನುಡಿಸಿದರು.

ಆ ನಗು ನೆನಪಾದರೆ ನನಗೆ ಈಗಲೂ ಊಟ ಸೇರುವುದಿಲ್ಲ.

ಮಂಗಳಾರತಿಯಾದ ಮೇಲೆ ಭಜನೆಯ ಹಿರಿಯರೊಬ್ಬರು ಎದುರಿಗೆ ಕೂತು, ಕೈಮುಗಿದೇ ಹೇಳಿದರು: "ಕಾಕಾ, ಭಾಳ ವರ್ಷ ದುಡದೀರಿ. ಇನ್ನ ಮುಂದ ಮೊದಲನೇ ಸಾಲಿನಾಗ ಕುಂದ್ರಿ, ಆರಾಮ ಕೇಳ್ರಿ." ಕಾಕಾ ಅವರ ತುಟಿಗಳನ್ನು ನೋಡಿದರು. "ಇನ್ನೊಮ್ಮಿ ಹೇಳ್ರಿ" ಎಂದರು. ಹಿರಿಯರು ಇನ್ನೊಮ್ಮೆ ಹೇಳಿದರು. ಆಗ ವಾದ್ಯವನ್ನು ಧೋತರದ ತುಂಡಿನಲ್ಲಿ ಸುತ್ತಿಕೊಂಡು ಎದ್ದರು. ನಾನು ಕಂಬದ ಹಿಂದೆ ಸರಿದು ನಿಂತೆ.

ಸುದ್ದಿ ಕೇಳಿ ಕಾಕು ಗುರುವಾರದ ಬಸ್ಸಿಗೇ ಬಂದರು. ನಾನು ಹೋದಾಗ ಕಾಕಾ ಹಿತ್ತಲಲ್ಲಿದ್ದರು. ಕಾಕು ದನಿ ತಗ್ಗಿಸುವ ಗೋಜಿಗೂ ಹೋಗದೆ ಹೇಳಿದರು. "ಹನ್ನೊಂದ ವರ್ಷ ಆತವ್ವ. ಢೋಲಕಿ ಬಡದ್ರ ಎದಿಗಿ ತಿಳೀತದ ಅಂತಾರ. ಸಣ್ಣ ತಂತಿ ಒಟ್ಟ ಕೇಳ್ಸಲ್ಲ. ಶ್ರುತಿ ಕೂಡಸೋದು ನಾ. ಮಠದಾಗ ಹೆಣ್ಮಕ್ಕಳ ಸಾಲಿನಾಗ ಎದುರಿಗಿ ಕುಂತು ತೊಡಿ ಮ್ಯಾಲ ಕೈ ಇಟ್ಕೊಂಡಿರ್ತಿದ್ದೆ. ಸುರ ತಪ್ಪಿದ್ರ ಕೈ ಎತ್ತತಿದ್ದೆ, ತಡೀತಿದ್ರು. ನಿನ್ನ ಪಾಠದಾಗ ಕೇರೋ ಮೊರ ನಿಲ್ಲಸ್ತಿದ್ದೆ."

ನಾಲ್ಕು ತಿಂಗಳು ನನ್ನ ಗುರುಗಳು ಇಬ್ಬರಾಗಿದ್ದರು. ಒಬ್ಬರು ಬೆರಳು ನೋಡುತ್ತಿದ್ದರು, ಒಬ್ಬರು ಬೇಳೆ ಕೇರುತ್ತ ಕೇಳುತ್ತಿದ್ದರು. ಸಂಗೀತ ಯಾವತ್ತೂ ಕಲಿಯದ ಆ ಹೆಣ್ಣುಮಗಳಿಗೆ ಅಷ್ಟು ಸೂಕ್ಷ್ಮ ಶ್ರುತಿಜ್ಞಾನ ಎಲ್ಲಿಂದ ಬಂತು, ನನಗೆ ತಿಳಿಯದು. ಕೇಳಿದರೆ, "ಬ್ಯಾಳ್ಯಾಗ ಕಲ್ಲ ಕಾಣಂಗಿಲ್ಲೇನು, ಹಂಗ" ಎಂದರು.

ಪಾಠ ಮತ್ತೆ ಶುರುವಾಯಿತು. ಕಾಕಾ ಮಠದ ಮಾತೇ ತೆಗೆಯಲಿಲ್ಲ. ನನಗೆ ಒಳಗೊಳಗೆ ಬೇಯುತ್ತಿತ್ತು. ಒಂದು ಭಾನುವಾರ ನುಡಿಸುತ್ತ ನುಡಿಸುತ್ತಲೇ ತಲೆ ಬಗ್ಗಿಸಿ, ಅವರಿಗೆ ನನ್ನ ತುಟಿ ಕಾಣದಂತೆ, ಹೇಳಿಬಿಟ್ಟೆ. "ಕಾಕಾ, ಸಾಲ್ಯಾಗ ಆ ಮಾತ ಆಡಿದಾಕಿ ನಾನಾ." ಹೇಡಿಯ ತಪ್ಪೊಪ್ಪಿಗೆ ಅದು. ಕೇಳಿಸಬಾರದೆಂದೇ ಹೇಳಿದ್ದು. ಬಾಗಿಲಲ್ಲಿ ಮೊರ ನಿಂತಿತು. ಕಾಕಾ ಕೂಡಲೇ ಅತ್ತ ನೋಡಿ, "ಎಲ್ಲಿ ತಪ್ಪಿತು?" ಎಂದರು. ಕಾಕು ನನ್ನನ್ನು ನೋಡಿದರು. ಆಮೇಲೆ ಮೊರದಿಂದ ಒಂದು ಹರಳು ಹೆಕ್ಕಿ ಗಂಡನಿಗೆ ಎತ್ತಿ ತೋರಿಸಿ, "ಏನಿಲ್ಲ, ಕಲ್ಲ ಸಿಕ್ತು" ಎಂದು ಮತ್ತೆ ಕೇರತೊಡಗಿದರು.

ಅದು ಕ್ಷಮೆಯೋ, ಗಂಡನನ್ನು ಕಾಪಾಡಿದ್ದೋ, ನನ್ನ ಶಿಕ್ಷೆಯೋ? ಕೇಳುವ ಧೈರ್ಯ ನನಗೆ ಬರಲಿಲ್ಲ. ಕಾಕಾ ತುಟಿ ಓದದೆಯೂ ಎಲ್ಲ ಬಲ್ಲವರಾಗಿದ್ದರೋ ಏನೋ. ಅಂದು ಹೊರಡುವಾಗ, "ಹೆಬ್ಬೆರಳ ಭಾಳ ಬಿಗಿ ಹಿಡದೀರಿ ಇವತ್ತ. ಜರಾ ಸಡ್ಲ ಬಿಡ್ರಿ" ಎಂದಷ್ಟೇ ಹೇಳಿದರು.

ಸೋಮವಾರಗಳನ್ನು ಮಾತ್ರ ಅವರು ಬಿಡಲಿಲ್ಲ. ಅಭಿಮಾನದ ಮನುಷ್ಯ ಮಠದ ಮೆಟ್ಟಿಲು ಮತ್ತೆ ಹತ್ತುವುದಿಲ್ಲವೆಂದು ನಾನು ಅಂದುಕೊಂಡಿದ್ದೆ. ಹೇಳಿದ ಹಾಗೆ ಮೊದಲನೇ ಸಾಲಿನಲ್ಲೇ ಕೂತು ಪೇಟಿಯ ಮೇಲೆ ಓಡುವ ಬೆರಳುಗಳನ್ನು ನೋಡುತ್ತಿದ್ದರು. ಅವರ ಹೆಬ್ಬೆರಳು ಮೊಣಕಾಲಿನ ಮೇಲೆ ತಾಳ ತಪ್ಪದೆ ಆಡುತ್ತಿತ್ತು.

ಹೋದ ವರ್ಷ ಮಳೆಗಾಲದ ಮೊದಲಿಗೆ ಜ್ವರ ಬಂತು, ಎಂಟು ದಿನದಲ್ಲಿ ಹೋದರು. ಮಣ್ಣಿಗೆ ಕಲ್ಲಿನ ಮಷೀನಿನವರೆಲ್ಲ ಬಂದಿದ್ದರು. ಶಹಾಬಾದಿನಲ್ಲಿ ಅಷ್ಟು ಗದ್ದಲದ ಜನ ಅಷ್ಟು ಸುಮ್ಮನೆ ನಡೆದುದನ್ನು ನಾನು ಬೇರೆಲ್ಲೂ ನೋಡಿಲ್ಲ.

ತಿಂಗಳಾದ ಮೇಲೆ ಪೇಟಿ ಮಾಸ್ತರರು ಮತ್ತು ಆ ಹಿರಿಯರು ನನ್ನ ಮನೆಗೆ ಬಂದರು. "ಕಾಕಾನ ಕೈ ಕಲತವರು ನೀವೊಬ್ಬರಾ ಮೇಡಂ. ಆ ಜಾಗ ಖಾಲಿ ಅದ, ಬಂದು ಕುಂದ್ರಿ" ಎಂದರು. ಯಾರ ಜಾಗವನ್ನು ಯಾರು ತುಂಬಬೇಕು! ಒಲ್ಲೆ ಎಂದೆ. ಮರುದಿನ ಕಾಕುವೇ ಬಂದರು. ಕಾರಣ ಅವರಿಗೆ ಹೇಳಬೇಕಿರಲಿಲ್ಲ. "ನೀ ಕುಂದ್ರಲಿಲ್ಲಂದ್ರ ಅವರ ಕೈ ಎಲ್ಲಿ ಉಳೀತದವ್ವ?" ಎಂದರು. ಅಷ್ಟೇ ಅಂದು ಎದ್ದು ಹೋದರು.

ಆ ಸೋಮವಾರ ಕೂತೆ. ಹೆಬ್ಬೆರಳು, ತೋರು, ಹೆಬ್ಬೆರಳು, ನಡು. ಎದುರಿಗೆ ಹೆಣ್ಣುಮಕ್ಕಳ ಸಾಲಿನಲ್ಲಿ ಕಾಕು ಇದ್ದರು. ಅವರ ಕೈ ತೊಡೆಯ ಮೇಲೆ ಇತ್ತು, ಒಂದು ಸಲವೂ ಮೇಲೇಳಲಿಲ್ಲ. ತಪ್ಪಿಲ್ಲದೆ ನುಡಿಸಿದೆನಲ್ಲ ಎಂಬ ಸಮಾಧಾನದಲ್ಲಿ ಭಜನೆ ಮುಗಿದ ಮೇಲೆ ಅವರ ಜೊತೆ ಓಣಿಯವರೆಗೂ ನಡೆದು ಬಂದೆ. ಮನೆ ಮುಂದೆ ನಿಂತು ನಾನೇ ಕೇಳಿದೆ, "ಹೆಂಗಾತು ಕಾಕು?"

ಕಾಕು ಸೆರಗಿನಿಂದ ಮುಖ ಒರೆಸಿಕೊಂಡರು.

"ಎರಡ ಕಡಿ ತಪ್ಪಿದಿ ಯವ್ವಾ. ಕೈ ಎತ್ತಿ ಯಾರಿಗಿ ಹೇಳ್ಲಿ ಅಂತ ಸುಮ್ಮನ ಕುಂತೆ."